ಮಾದಯ್ಯನವರ ಮಗಳ ಮದುವೆಯೂ ನನ್ನ ಎಕ್ಸ್‌ಪಿಯೂ

ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ನಾನು ಡಿಟಿಪಿ ಅಂಗಡಿ ಇಟ್ಟಿದ್ದ ಕಾಲ. ಲಗ್ನಪತ್ರಿಕೆ, ತಿಥಿ ಕಾರ್ಡು, ಸಂಘದ ಕರಪತ್ರ, ಏನೇ ಬರಲಿ ಕಂಪ್ಯೂಟರಿನಲ್ಲಿ ಜೋಡಿಸಿ ಮುದ್ರಿಸಿ ಕೊಡುತ್ತಿದ್ದೆ. ಕಂಪ್ಯೂಟರಿನ ಬಗ್ಗೆ ನನಗೆ ತಿಳಿಯದ್ದು ಏನೂ ಇಲ್ಲವೆಂದು ಊರು ನಂಬಿತ್ತು. ಊರೇ ನಂಬಿದ ಮೇಲೆ ನಾನೂ ನಂಬಿದೆ.

ಯಂತ್ರದಲ್ಲಿದ್ದದ್ದು ವಿಂಡೋಸ್ ತೊಂಬತ್ತೆಂಟು. ಒಂದು ಪುಟ ತೆರೆಯಲು ಹೇಳಿ, ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಕೈ ತೊಳೆದು ಬಂದರೂ ಪರದೆಯ ಮೇಲೆ ಮರಳುಗಡಿಯಾರ ಹಾಗೇ ನಿಂತಿರುತ್ತಿತ್ತು. ಆಗ, ಎಕ್ಸ್‌ಪಿ ಅಂತ ಹೊಸ ವಿಂಡೋಸ್ ಬಂದಿದೆ, ಹಾಕಿಕೊಂಡರೆ ಕಂಪ್ಯೂಟರ್ ಓಡುತ್ತದೆ ಎಂಬ ಸುದ್ದಿ ಬಂತು. ಹಾಕುವುದೋ ಬೇಡವೋ?

ಯಳಂದೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಪ್ರಕಾಶನನ್ನು ಕೇಳಿದೆ. "ಆಕ್ಕೊಳಿ ಸಾ, ಕುದ್ರೆ ಓಡ್ದಂಗೆ ಓಡ್ತದೆ" ಎಂದ. ಹನೂರಿನಲ್ಲಿ ನನ್ನಂಥದೇ ಅಂಗಡಿ ಇಟ್ಟಿದ್ದ ಸೆಲ್ವರಾಜ, "ಬೇಡಣ್ಣ, ನಿಮ್ದು ರ‍್ಯಾಮ್ ಕಮ್ಮಿ. ಓಡಲ್ಲ, ಕೂತ್ಕತದೆ" ಎಂದ. ಮತ್ತೆ ಪ್ರಕಾಶನ ಹತ್ತಿರ ಹೋದೆ. "ಅವ್ನಿಗೇನ್ ಗೊತ್ತು, ಸುಮ್ಕೆ ಆಕಿ ಸಾ" ಎಂದ. ಅಷ್ಟು ಹೊತ್ತಿಗೆ ಯಾರಾದರೂ ನನ್ನ ಹೆಸರು ಕೇಳಿದ್ದರೂ ಇಬ್ಬರನ್ನು ವಿಚಾರಿಸಿ ಹೇಳುವ ಸ್ಥಿತಿಯಲ್ಲಿದ್ದೆ.

ಹೆಂಡತಿ ರತ್ನಳ ಅಭಿಪ್ರಾಯ ಚಿಕ್ಕದು. "ಓಡಿ ಎಲ್ಲಿಗೋಗ್ಬೇಕು ಅದು? ಕೆಲ್ಸ ಮಾಡ್ತಾ ಅದಲ್ಲ, ಬುಡಿ."

ಮಾತು ಸರಿಯಾಗಿತ್ತು. ಆದ್ದರಿಂದ ನಾನು ಅದನ್ನು ಕೇಳಲಿಲ್ಲ.

ಬಂಡಳ್ಳಿಯ ಮಾದಯ್ಯನವರ ಮಗಳ ಲಗ್ನಪತ್ರಿಕೆ ಜೋಡಿಸಿಟ್ಟಿದ್ದೆ, ಅಂದು ಸಂಜೆಯೊಳಗೆ ಅಚ್ಚಾಗಬೇಕಿತ್ತು. ಹೊಸ ವ್ಯವಸ್ಥೆಯ ಮೊದಲ ಕೆಲಸ ಶುಭಕಾರ್ಯವೇ ಆಗಲಿ ಎಂದುಕೊಂಡು, ಬೆಳಿಗ್ಗೆ ಪ್ರಕಾಶ ಕೊಟ್ಟ ಸಿ.ಡಿ. ಹಾಕಿದೆ. ಮಧ್ಯಾಹ್ನಕ್ಕೆ ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ. ಊಟ ತಂದ ರತ್ನ, "ಗೋಪಾಲಸ್ವಾಮಿ ಬೆಟ್ಟ ಇದ್ದಂಗದೆ" ಎಂದಳು. ಎಕ್ಸ್‌ಪಿಗೆ ನಮ್ಮ ಅಂಗಡಿಯಲ್ಲಿ ಸಿಕ್ಕ ಹೊಗಳಿಕೆ ಅದೊಂದೇ.

ಮೌಸ್ ಸರಿಸಿದೆ. ಬಾಣ ಯೋಚಿಸಿ, ಆಮೇಲೆ ಸರಿಯಿತು. ಸೆಲ್ವರಾಜ ಹೇಳಿದಂತೆ ಯಂತ್ರ ಕೂತುಬಿಟ್ಟಿತ್ತು. ಲಗ್ನಪತ್ರಿಕೆ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರಗಳು, ಅಲ್ಪವಿರಾಮಗಳು, ಮುರಿದ ಕಂಸಗಳು. ಕನ್ನಡದ ಫಾಂಟುಗಳೇ ಹೋಗಿದ್ದವು. ಸರಿಯಾಗಿ ಆಗಲೇ ಮಾದಯ್ಯನವರು ಒಳಗೆ ಬಂದರು. ಪರದೆಯನ್ನು ಬಹಳ ಹೊತ್ತು ನೋಡಿದರು.

"ಬೀಗ್ರು ಮಾರ್ಟಳ್ಳಿ ತಮಿಳ್ರು ಅಂತ ಪತ್ರಿಕೆನೂ ತಮಿಳ್ನಲ್ಲಿ ಮಾಡ್ಬುಟ್ರಾ ಸಾ?"

"ಇಲ್ಲ, ಇನ್ನೂ ತಯಾರಾಗ್ತಾ ಇದೆ" ಎಂದೆ.

"ಆಗ್ಲಿ, ನಿಧಾನ್ವಾಗಿ ಮಾಡಿ. ನಾಳೆ ಮೊದಲ್ನೇ ಬಸ್ಗೆ ಬೀಗ್ರೂರ್ಗೆ ತಕಂಡೋಗ್ಬೇಕು ಅಷ್ಟೆ. ಸಂಜೆ ಬತ್ತೀನಿ."

ಫ್ಲಾಪಿಯಲ್ಲಿದ್ದ ಫಾಂಟುಗಳನ್ನು ಹಾಕಿದೆ. ಕನ್ನಡ ಬಂತು. ಆದರೆ ಪ್ರಿಂಟರು ನನಗೂ ನಿಮಗೂ ಪರಿಚಯವೇ ಇಲ್ಲ ಎಂಬಂತೆ ಕುಳಿತಿತ್ತು. ಪ್ರಕಾಶನಿಗೆ ಫೋನ್ ಮಾಡಿದೆ. "ಪ್ರಿಂಟರ್ ನಡ್ಸೋ ಸಾಫ್ಟ್‌ವೇರು, ಡ್ರೈವರ್ ಅಂತಾರೆ ಸಾ, ಅದು ಹೊಸದು ಬೇಕು, ಮೈಸೂರಿಂದ ತರ್ಸ್‌ಬೇಕು" ಎಂದ. ಫೋನಿಟ್ಟು, ಹೊಸ ಡ್ರೈವರ್ ಬೇಕಂತೆ ಎಂದೆ.

"ಕಾರೇ ಇಲ್ಲ, ಡ್ರೈವರ್ ಯಾಕೆ?" ಎಂದಳು ರತ್ನ.

ಬೇರೆ ದಾರಿಯಿರಲಿಲ್ಲ, ತೊಂಬತ್ತೆಂಟಕ್ಕೇ ಮರಳಲು ತೀರ್ಮಾನಿಸಿದೆ. ಎಲ್ಲವನ್ನೂ ಅಳಿಸಲೇ ಎಂದು ಯಂತ್ರ ಕೇಳಿತು. ಇಡೀ ದಿನದಲ್ಲಿ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. ಹೂಂ ಎಂದೆ. ಅಳಿಸಿತು. ಮಾದಯ್ಯನವರ ಮಗಳ ಲಗ್ನಪತ್ರಿಕೆಯೂ ಆ ಎಲ್ಲದರೊಳಗೇ ಇತ್ತು ಎಂದು ಆಮೇಲೆ ಹೊಳೆಯಿತು.

ಹಳೆಯ ವಿಂಡೋಸ್, ಪ್ರಿಂಟರು, ಫಾಂಟು ಎಲ್ಲ ಮರಳಿ ಬಂದಾಗ ಸಂಜೆ. ಹೊಸದಾಗಿ ಜೋಡಿಸಲು ಸಮಯವಿಲ್ಲ. ಫ್ಲಾಪಿಯಲ್ಲಿ ಫಾಂಟುಗಳ ಜೊತೆಗೆ ಇದ್ದದ್ದು ಮುಳ್ಳೂರಿನವರೊಬ್ಬರ ತಿಥಿ ಕಾರ್ಡು ಮಾತ್ರ. ಅದನ್ನೇ ತೆರೆದೆ. ತೀರಿಕೊಂಡವರ ಹೆಸರಿನ ಜಾಗದಲ್ಲೆಲ್ಲ ವಧೂವರರ ಹೆಸರು ಹಾಕಿದೆ, ತಲೆಬರಹ, ದಿನ, ಸ್ಥಳ ಬದಲಿಸಿದೆ, ಮಾದರಿಗೆ ಒಂದು ಕಾರ್ಡು ತೆಗೆದೆ. ಅಷ್ಟರಲ್ಲಿ ಮಾದಯ್ಯನವರು ಬಂದರು. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದರು. ಕೊನೆಯ ಸಾಲು ಹೀಗಿತ್ತು:

"ಭೋಜನವನ್ನು ಸ್ವೀಕರಿಸಿ, ಸವಿತ ಮತ್ತು ಕುಮಾರ ಇವರ ಆತ್ಮಕ್ಕೆ ಶಾಂತಿ ಕೋರಬೇಕಾಗಿ ವಿನಂತಿ."

ಮಾದಯ್ಯನವರು ಕನ್ನಡಕ ತೆಗೆದರು.

"ಅದೂ ಬೇಕಾಯ್ತದೆ ಸಾ, ಬ್ಯಾಡ ಅನ್ನಲ್ಲ. ಆದ್ರೆ ಮದ್ವೆ ಆದ ಮ್ಯಾಕೆ."

ರತ್ನ ಅವರನ್ನು ಕೂರಿಸಿ, ಟೀ ಕೊಟ್ಟು, ಹೆಸರುಗಳನ್ನೆಲ್ಲ ಮೊದಲಿಂದ ಕೇಳಿ ಒಂದೊಂದಾಗಿ ಹೇಳಿದಳು. ನಾನು ತಲೆಯೆತ್ತದೆ ಟೈಪ್ ಮಾಡಿದೆ. ತೊಂಬತ್ತೆಂಟು ತೆವಳಿತು, ಆದರೆ ಅಚ್ಚು ಹಾಕಿತು. ಮಾದಯ್ಯನವರು ಪ್ರತಿ ಸಾಲನ್ನೂ ಮತ್ತೊಮ್ಮೆ ಓದಿ, ಎಲ್ಲರೂ ಬದುಕಿದ್ದಾರೆಂದು ಖಾತ್ರಿಯಾದ ಮೇಲೆ ಕಟ್ಟು ಎತ್ತಿಕೊಂಡು ಹೋದರು.

ಕೆಲವು ವಾರಗಳ ಮೇಲೆ ಒಬ್ಬ ಮೇಷ್ಟ್ರು ಅಂಗಡಿಗೆ ಬಂದರು. "ನಮ್ಮ ಸ್ಕೂಲಿನ ಕಂಪ್ಯೂಟರಿಗೆ ಎಕ್ಸ್‌ಪಿ ಹಾಕ್ಸೋದೋ ಬೇಡ್ವೋ? ನೀವು ಎರಡೂ ನೋಡಿದೋರು, ಹೇಳಿ ಸಾರ್" ಎಂದರು.

ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಗಂಟಲು ಸರಿಮಾಡಿಕೊಂಡೆ.

"ಇವ್ರು ಏಳೋದ್ನ ಪೂರ್ತಿ ಕೇಳ್ಕೊಳಿ ಸಾ" ಎಂದಳು ರತ್ನ. "ಆಮ್ಯಾಕೆ ಅದ್ರ ಉಲ್ಟಾ ಮಾಡಿ."

ಮೇಷ್ಟ್ರು ನನ್ನ ಉತ್ತರಕ್ಕೆ ಕಾಯದೆ, ನನ್ನನ್ನು ದಾಟಿ ಅವಳಿಗೆ ಕೈಮುಗಿದು ಹೋದರು.