ಬೂಕನಕೆರೆ ಅಜ್ಜಿಯ ಪೀಪಾಯಿ

ನಾನು ಸಿಟ್ಟಿನಿಂದ ಭಾಷಣಕ್ಕೆ ನಿಂತಾಗಲೆಲ್ಲ ಎದುರಿಗೆ ಕೂತ ಯಾರಾದರೊಬ್ಬರು ಆ ಸಿಟ್ಟಿಗೆ ತಣ್ಣೀರು ಹೊಯ್ಯುತ್ತಾರೆ. ರೈತ ಸಂಘದವನಾದ ನಾನು ಓದಿದ್ದು ಏಳನೇ ಕ್ಲಾಸು. ಮಿಕ್ಕಿದ್ದೆಲ್ಲ ಲೈಬ್ರರಿಯಲ್ಲಿ ಕೂತು ಕಲಿತದ್ದು. ಈ ವರ್ಷ ಸಕ್ಕರೆ ಕಾರ್ಖಾನೆಯವರು ಕಬ್ಬು ಕಡಿಯಲು ಆರ್ಡರ್ ಕೊಡದೆ ಸತಾಯಿಸುತ್ತಿದ್ದಾಗ ಕೈಗೆ ಸಿಕ್ಕಿದ್ದು ಕೆರಿಬಿಯನ್ ಸಮುದ್ರದ ಬಂದರು ಪೋರ್ಟ್ ಆಫ್ ಸ್ಪೇನಿನ ಚರಿತ್ರೆ. ಅಲ್ಲೂ ಕಬ್ಬೇ. ಸಕ್ಕರೆಗಾಗಿ ಆಫ್ರಿಕಾದವರನ್ನು ಗುಲಾಮರನ್ನಾಗಿ ತಂದರು. ಗುಲಾಮಗಿರಿ ನಿಂತ ಮೇಲೆ ನಮ್ಮ ದೇಶದ ಬಡವರಿಂದ ಕೂಲಿ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹಡಗು ಹತ್ತಿಸಿದರು. ಓದಿ ಮೈ ಉರಿಯಿತು. ಊರೂರಿಗೆ ಹೇಳಲು ಹೊರಟೆ.

ಅಂಪೈರು

ಅಕ್ಕಿಹೆಬ್ಬಾಳಿನಲ್ಲಿ ಎಂದೂ ಇಲ್ಲದಷ್ಟು ಪಡ್ಡೆಗಳು ಸೇರಿದ್ದರು. ವೆಸ್ಟ್ ಇಂಡೀಸಿನ ವಿಷಯವೆಂದು ಯಾರೋ ಹೇಳಿದ್ದರಂತೆ. ಅರ್ಧ ಗಂಟೆ ಗುಡುಗಿದೆ. ಒಬ್ಬನೂ ಕದಲಲಿಲ್ಲ, ಕ್ರಿಕೆಟ್ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದರು. ಕೊನೆಗೆ ಅದನ್ನೂ ಹೇಳಿದೆ: ಆ ಜನ ಇಂಗ್ಲಿಷ್ ದೊರೆಗಳ ಆಟವನ್ನೇ ಕಲಿತು ದೊರೆಗಳನ್ನೇ ಸೋಲಿಸಿದರು.

ಹಿಂದಿನ ಸಾಲಿನವನು ಎದ್ದ. "ಅಂಗಾರೆ ಫ್ಯಾಕ್ಟ್ರಿಯೋರ್ ಜೊತೆ ಒಂದ್ ಮ್ಯಾಚ್ ಇಡ್ಸಣ್ಣ. ನಾವು ಗೆದ್ರೆ ಕಬ್ಬು ಕಡೀಲಿ."

ಹೋರಾಟದ ನಿರ್ಣಯ ಆಗಬೇಕಿದ್ದ ಸಭೆಯಲ್ಲಿ ನನ್ನನ್ನು ಅಂಪೈರ್ ಮಾಡುವ ನಿರ್ಣಯವಾಯಿತು.

ರಾಗಿ ಹಿಟ್ಟು

ಬೂಕನಕೆರೆಯ ಸಭೆಗೆ ಒಬ್ಬ ಅಜ್ಜಿ ಬಂದಿದ್ದಳು. ಅವಳದ್ದು ಒಂದೇ ಎಕರೆ, ಅದೂ ನಾಲ್ಕು ಕಡೆ ಬೇರೆಯವರ ಜಮೀನಿನ ನಡುವೆ. ಕಬ್ಬು ಹೂ ಬಿಟ್ಟು, ದಿನದಿನಕ್ಕೂ ಒಣಗಿ ತೂಕ ಇಳಿಯುತ್ತಿತ್ತು. ಆರ್ಡರ್ ಬರದಿದ್ದರೆ ವರ್ಷದ ದುಡಿಮೆಯೆಲ್ಲ ಸೌದೆ.

ಸರಪಳಿ, ಚಾಟಿ, ಹಡಗಿನಲ್ಲಿ ಸತ್ತವರು, ಎಲ್ಲ ಹೇಳಿದೆ. ಅಜ್ಜಿ ಮಾತ್ರ, ಅಲ್ಲಿಗೆ ಹೋದವರು ಏನು ಉಣ್ಣುತ್ತಾರೆ ಎಂದಳು. ಕರಿದ ರೊಟ್ಟಿಯ ನಡುವೆ ಕಡಲೆಕಾಳಿನ ಪಲ್ಯ ಇಟ್ಟು ಬೀದಿಯಲ್ಲಿ ಮಾರುತ್ತಾರಂತೆ ಎಂದೆ.

"ಮುದ್ದೆ?"

"ಇಲ್ಲಮ್ಮ."

"ಮುದ್ದೆ ಇಲ್ದೆ ಕಬ್ಬು ಕಡಿದ್ರಾ ಮಕ್ಳು?" ಚಾಟಿಗೆ ಬಾರದ ಕಣ್ಣೀರು ಮುದ್ದೆಗೆ ಬಂತು. ಮಾರನೇ ದಿನ ನಮ್ಮ ಮನೆ ಬಾಗಿಲಲ್ಲಿ ಎರಡು ಸೇರು ರಾಗಿ ಹಿಟ್ಟಿನ ಗಂಟು. ಆ ಕಡೆ ಹೋಗುವವರು ಸಿಕ್ಕರೆ ಕೊಟ್ಟು ಕಳಿಸಬೇಕಂತೆ.

ಪೀಪಾಯಿ

ಕಾರ್ಖಾನೆ ಗೇಟಿನ ಮುಂದೆ ಧರಣಿ ಕೂತೆವು. ಪೊಲೀಸರು ಬಂದು ಮೈಕು, ತಮಟೆ ಎರಡನ್ನೂ ಜೀಪಿಗೆ ಹಾಕಿಕೊಂಡರು. ನಾನು ಬರೀ ಗಂಟಲಲ್ಲೇ ಕೂಗಿದೆ: ಆ ಬಂದರಿನಲ್ಲೂ ಸರ್ಕಾರ ಬಡವರ ಡೋಲು ಕಿತ್ತುಕೊಂಡಿತು. ಅವರು ಬಿದಿರು ಬಡಿದರು, ಬಿಸ್ಕತ್ತಿನ ಡಬ್ಬ ಬಡಿದರು, ಕೊನೆಗೆ ಎಣ್ಣೆ ಪೀಪಾಯಿ ಬಡಿದು ಲೋಕವೇ ಕುಣಿಯುವ ವಾದ್ಯ ಮಾಡಿದರು. ಅಷ್ಟಕ್ಕೆ ನನ್ನ ದನಿ ಬಿದ್ದುಹೋಯಿತು.

ಅಜ್ಜಿ ಎದ್ದಳು. ಕಾರ್ಖಾನೆಯ ಸಾಹೇಬರಿಗೆ ತೋರಿಸಲೆಂದು ತಂದಿದ್ದ ಒಣಗಿದ ಕಬ್ಬಿನ ಜಲ್ಲೆ ಹಿಡಿದು, ಗೇಟಿನ ಪಕ್ಕ ರಾಶಿ ಹಾಕಿದ್ದ ಖಾಲಿ ಪೀಪಾಯಿಗಳಲ್ಲಿ ಒಂದನ್ನು ಬಡಿಯತೊಡಗಿದಳು. ಜನರೆಲ್ಲ ಒಂದೊಂದು ಪೀಪಾಯಿ ಹಿಡಿದರು. ಸಾಹೇಬ ಕಿವಿ ಮುಚ್ಚಿಕೊಂಡು ಈಚೆ ಬಂದು, ನಿಲ್ಲಿಸಿರಿ ಎಂದು ಇನ್‌ಸ್ಪೆಕ್ಟರಿಗೆ ಹೇಳಿದ. ಮೇಲಿನವರ ಆದೇಶದಲ್ಲಿ ಮೈಕು, ತಮಟೆ ಮಾತ್ರ ಇದೆ, ಪೀಪಾಯಿ ಇಲ್ಲ ಎಂದು ಇನ್‌ಸ್ಪೆಕ್ಟರು ಗಂಭೀರವಾಗಿ ಹೇಳಿದರು. ಅವರ ಬೂಟು ಮಾತ್ರ ತಾಳ ಹಾಕುತ್ತಿತ್ತು.

ಸದ್ದು ನಿಂತರೆ ಸಾಕೆಂದು ಸಾಹೇಬ ಅಲ್ಲೇ ಅಜ್ಜಿಯ ಆರ್ಡರ್ ಬರೆದುಕೊಟ್ಟ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಬಡಿದಳು.

"ನಿಂದಾಯ್ತಲ್ಲಮ್ಮ, ನಿಲ್ಸು," ಎಂದೆ.

"ನಂದಾದ್ರೆ ಆಯ್ತಾ? ಪಕ್ಕದೋನು ಕಬ್ಬು ಕಡೀದೆ ನನ್ ಗಾಡಿ ಎಲ್ಲಿಂದ್ಲಾ ಈಚೆ ಬಂದಾದು?"

ಸಾಹೇಬ ಪಕ್ಕದವನದನ್ನೂ ಬರೆದ. ಅವನ ಗಾಡಿಗೆ ಅವನ ಪಕ್ಕದವನ ಜಮೀನು ಅಡ್ಡ. ಸಂಜೆಯೊಳಗೆ ಟಾರು ರಸ್ತೆವರೆಗೂ ಒಬ್ಬರ ಹಿಂದೊಬ್ಬರು ಅಷ್ಟೂ ಜನಕ್ಕೆ ಆರ್ಡರ್ ಸಿಕ್ಕಿತು.

ಆಗ ಅಜ್ಜಿ ಜಲ್ಲೆ ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಬಂದಳು. "ಆ ಊರೋರು ಒಳ್ಳೆ ಕೆಲ್ಸಾನೇ ಕಲ್ಸವ್ರೆ. ಇನ್ನೆರಡು ಸೇರು ಹಿಟ್ಟು ಕೊಡ್ತೀನಿ, ಅದ್ನೂ ಕಳ್ಸು. ಮುದ್ದೆ ತಿರುವಾದು ಮಾತ್ರ ಅವ್ರಿಗೆ ನೀನೇ ಹೋಗಿ ಯೋಳ್ಕೊಡ್ಬೇಕು ಕಣ್ಲಾ."