ಅಳಿಯನ ನೀಲಿ ಲಿಂಬೆಹಣ್ಣು

ನನ್ನ ಅಳಿಯನಿಗೆ ಮಾತ್ರ ಲಿಂಬೆಹಣ್ಣಿನ ಬಣ್ಣ ಯಾವುದೆಂದು ಕೇಳಬೇಡಿ. ಕಂಡರಿಯದ ದೇಶದವರನ್ನೆಲ್ಲ ವಿಚಾರಿಸಿ, ಮೂರು ದಿನ ಬಿಟ್ಟು ಹೇಳುತ್ತಾನೆ!

ಲಿಂಬೆಗೆ ಹೆಸರಾದ ನಮ್ಮ ಇಂಡಿ ಊರಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಹಣ್ಣು ಅದು. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಸಾವ್ಕಾರರ ಗೋದಾಮಿನಲ್ಲಿ ನಲವತ್ತು ವರ್ಷದಿಂದ ಲಿಂಬೆಹಣ್ಣು ಆರಿಸುತ್ತ ಕೂತಿದ್ದೇನೆ. ಒಳ್ಳೆಯದು ಈ ಬುಟ್ಟಿಗೆ, ಕೆಟ್ಟದ್ದು ಆ ಬುಟ್ಟಿಗೆ. ಕೆಲಸವಿಲ್ಲದೆ ನಮ್ಮ ಮನೆಯಲ್ಲೇ ಕೂತಿದ್ದ ಅಳಿಯ ಅದೇ ಸಾವ್ಕಾರರ ಹತ್ತಿರ ಹೋಗಿ ಏನಂದ ಗೊತ್ತೇ?

"ಅತ್ತಿ ಮಾಡೋ ಕೆಲಸಾ ಕ್ಯಾಮೆರಾ ಮಾಡತೈತ್ರಿ."

"ಮಾಡಿ ತೋರಸು, ನಿನಗ ಕೆಲಸಾ ಕೊಡ್ತೇನಿ," ಅಂದರು ಅವರು.

ನನ್ನ ಜಾಗ ಹೋದರೆ ಇವನಿಗೆ ಜಾಗ. ಎಂಥ ಅಳಿಯ ನೋಡಿ!

ಕಂಪ್ಯೂಟರಿಗೆ ನೋಡಲು ಕಲಿಸುವ ಸಿದ್ಧ ಪ್ರೋಗ್ರಾಮು ಸಿಗುತ್ತದಂತೆ. ಮೊದಲ ದಿನ ಅದಕ್ಕೆ ಫೋಟೋ ಸಿಗಲೇ ಇಲ್ಲ. ಸಿಗುವುದೆಲ್ಲಿಂದ? ಇವನು ಇಟ್ಟದ್ದು ಒಂದು ಕಡೆ, ಹುಡುಕಲು ಹೇಳಿದ್ದು ಇನ್ನೊಂದು ಕಡೆ! ಎರಡನೇ ದಿನ ಫೋಟೋ ಪರದೆಯ ಮೇಲೆ ಮಿಂಚಿ ಮಾಯ. ತುಸು ನಿಲ್ಲು ಎಂದು ಅದಕ್ಕೆ ಹೇಳಿರಲಿಲ್ಲ. ಮೂರನೇ ದಿನ ಹಣ್ಣು ನೀಲಿ! ಕೆಂಪನ್ನೂ ನೀಲಿಯನ್ನೂ ಅದು ಹಿಂದುಮುಂದಾಗಿ ಓದುತ್ತದಂತೆ. ಒಂದೊಂದು ತೊಡಕನ್ನೂ ಇಂಟರ್ನೆಟ್ಟಿನಲ್ಲಿ ಯಾವ್ಯಾವುದೋ ದೇಶದವರಿಗೆ ಬರೆದು ಕೇಳಿ ತಿಳಿದುಕೊಂಡ.

"ಈ ಪ್ರಶ್ನೆ ಜಗತ್ತಿನಾಗ ಎಲ್ಲಾರೂ ಕೇಳ್ಯಾರ್ರಿ ಅತ್ತಿ," ಅಂದ ಹೆಮ್ಮೆಯಿಂದ.

"ಅಷ್ಟೂ ಮಂದಿಗಿ ಅತ್ತಿ ಮನಿ ಊಟಾನ ಐತೇನ್ರಿ?" ಅಂದೆ.

ಆಮೇಲೆ ಒಳ್ಳೆಯ ಹಣ್ಣುಗಳನ್ನು ಒಂದೊಂದಾಗಿ ನನ್ನ ಕೈಯಲ್ಲಿ ಹಿಡಿಸಿ ನೂರಾರು ಫೋಟೋ ತೆಗೆದ. ಕೆಟ್ಟವುಗಳ ಫೋಟೋ ಬುಟ್ಟಿಯಲ್ಲಿದ್ದಂತೆಯೇ ತೆಗೆದ. ಸಾವ್ಕಾರರಿಗೆ ತೋರಿಸುವ ದಿನ ಬಂತು. ಮೇಜಿನ ಮೇಲಿಟ್ಟ ಚೆಂದದ ಹಣ್ಣಿಗೆ ಯಂತ್ರ 'ಕೆಟ್ಟದ್ದು' ಅಂತು. ನಾನು ಕೊಳೆತದ್ದೊಂದನ್ನು ಎತ್ತಿ ಹಿಡಿದೆ, 'ಒಳ್ಳೆಯದು'. ಉಳ್ಳಾಗಡ್ಡಿ ಹಿಡಿದೆ, ಅದೂ 'ಒಳ್ಳೆಯದು'! ಅದು ಕಲಿತದ್ದು ಹಣ್ಣನ್ನಲ್ಲ, ನನ್ನ ಕೈಯನ್ನು. ಸಾವ್ಕಾರರು ಹೊಟ್ಟೆ ಹಿಡಿದು ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ.

"ಸೋಮವಾರ ಇನ್ನೊಂದು ಸಲ ನೋಡ್ತೇನಿ. ಆಮ್ಯಾಲ ಇಲ್ಲ," ಅಂದರು ಸಾವ್ಕಾರರು.

ಇದನ್ನೂ ಆ ದೇಶದವರಿಗೆ ಕೇಳಿದ. ಬಂದ ಉತ್ತರವನ್ನು ಮಗಳು ಓದಿ ಹೇಳಿದಳು: ಕೈ ಕಾಣದಂತೆ ಫೋಟೋ ತೆಗೆಯಿರಿ, ಸಾಕು. ಅಷ್ಟು ಸಲೀಸು. ಆದರೆ ರವಿವಾರ ಬಂದರೂ ಅಳಿಯ ಕ್ಯಾಮೆರಾ ಮುಟ್ಟಲಿಲ್ಲ.

"ಯಾಕ್ರಿ, ಕೈ ಬ್ಯಾನಿ ಏನು?"

"ಈ ಸಲ ಖರೇನ ಆಗತೈತ್ರಿ ಅತ್ತಿ," ಅಂದ, ಮುಖ ಎತ್ತದೆ. "ಆಮ್ಯಾಲ ನೀವು ಎಲ್ಲಿ ಕೂಡ್ತೀರಿ?"

ಜಗತ್ತಿಗೆಲ್ಲ ಕೇಳಿದವನು ನನಗೆ ಕೇಳಿದ ಮೊದಲ ಪ್ರಶ್ನೆ.

ಬಿಳಿ ಧೋತರ ಹಾಸಿದೆ. ಹಣ್ಣು ಆರಿಸಿ ಸಾಲಾಗಿ ಇಟ್ಟೆ. ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು ದೂರ ಸರಿದೆ.

"ತಗೀರಿ ಫೋಟೋ. ನನಗೂ ಮೊಣಕಾಲು ಬ್ಯಾನಿ, ಕುಂತು ಕುಂತು ಸಾಕಾಗೈತಿ."

ನನ್ನ ಮೊಣಕಾಲಿಗೆ ಏನೂ ಆಗಿಲ್ಲ.