ಮೇಡಂ ಬಾಯಿ ತೆರೆದದ್ದು

ಔಷಧದ ಪೊಟ್ಟಣವನ್ನು ಪಶುವೈದ್ಯರು ಕತ್ತೆಯ ಯಜಮಾನನಾದ ತನ್ನ ಕೈಗೆ ಕೊಡದೆ, ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಅತ್ತೆಯ ಕೈಗೆ ಕೊಟ್ಟರೆಂಬ ಸಿಟ್ಟು ಇಟ್ಟಿಗೆಯವನಿಗೆ ಇನ್ನೂ ಇಳಿದಿಲ್ಲ. ಹೇರು ಹೊರಿಸುವವನು ತಾನು, ಹುಲ್ಲು ಹಾಕುವವನು ತಾನು, ಬೈಯುವವನೂ ತಾನೇ. ಕೂಗಿ ಕೂಗಿ ಒಡೆದ ಅಳಿಯನ ಗಂಟಲಿಗೆ ದಿನಾ ಬೆಳಿಗ್ಗೆ ಮೂರು ಚಮಚ ಜೇನು ಕೊಡುವುದು ಬಿಟ್ಟರೆ ಅತ್ತೆಗೆ ಔಷಧದ ವಿಷಯ ಏನು ಗೊತ್ತು?

ಕತ್ತೆಯ ಹೆಸರು ಮೇಡಂ. ಗಾಡಿ ನುಗ್ಗದ ಮೆಟ್ಟಿಲುಗಲ್ಲಿಗಳಲ್ಲಿ ಹನ್ನೊಂದು ವರ್ಷ ಇಟ್ಟಿಗೆ ಹೊತ್ತು ಅರ್ಧ ಊರನ್ನೇ ಎಬ್ಬಿಸಿ ನಿಲ್ಲಿಸಿದ ಗಾರ್ದಭರತ್ನ. ಈಗ ಎದೆಯಲ್ಲಿ ಕಫ ಕಟ್ಟಿ, ಕಿವಿ ಇಳಿಬಿಟ್ಟು ನಿಂತಿತ್ತು. ಐದು ದಿನ, ಹೊತ್ತಿಗೊಂದು ಸಿರಿಂಜು ಔಷಧ ಒಳಗೆ ಹೋಗದಿದ್ದರೆ ಪ್ರಾಣಿ ಉಳಿಯುವುದು ಕಷ್ಟ ಎಂದಿದ್ದರು ವೈದ್ಯರು. (ಸೂಜಿಯಿಲ್ಲದ ಸಿರಿಂಜು, ಸೈಕಲ್ ಪಂಪಿನ ತಮ್ಮನಂತಿತ್ತು.)

ಮನೆಗೆ ಬಂದೊಡನೆ ಇಟ್ಟಿಗೆಯವನು ಪೊಟ್ಟಣ ಕಿತ್ತುಕೊಂಡ. ಮೊದಲ ಹೊತ್ತು ಪುಡಿಯನ್ನು ತೌಡಿನಲ್ಲಿ ಕಲಸಿಟ್ಟ. ಮೇಡಂ ತುಟಿಯಲ್ಲೇ ಜರಡಿ ಹಿಡಿದು, ಒಂದಿಷ್ಟು ತೌಡು ತಿಂದು, ಪುಡಿಯನ್ನೆಲ್ಲ ಬೋಗುಣಿಯ ತಳದಲ್ಲಿ ಅಚ್ಚುಕಟ್ಟಾಗಿ ಉಳಿಸಿತು. ಅವನು ಬೆರಗಾಗಿ ನೋಡಿದ. ಇಷ್ಟು ಚೆನ್ನಾಗಿ ಮರಳು ಜರಡಿ ಹಿಡಿಯುವ ಮೇಸ್ತ್ರಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಎರಡನೆಯ ಹೊತ್ತು ಪುಡಿಯನ್ನು ನೀರಲ್ಲಿ ಕರಗಿಸಿ ಸಿರಿಂಜಿಗೆ ತುಂಬಿ, ಎದುರಿಗೇ ಹೋಗಿ, ಬಾಯಿ ತೆಗಿ ಎಂದು ಗದರಿದ. ಮೇಡಂ ಹಲ್ಲು ಕಚ್ಚಿತು. ಹಗ್ಗ ಎಳೆದ, ಮೇಡಂ ಅವನನ್ನೇ ಎಳೆಯಿತು. ಹೇಗೋ ಒಳಗೆ ಒತ್ತಿದರೆ, ದವಡೆಯಲ್ಲಿ ಹುಲ್ಲು ಬಚ್ಚಿಟ್ಟಿದ್ದ ಮಹಾತಾಯಿ ಔಷಧವನ್ನೆಲ್ಲ ಅದಕ್ಕೆ ಹೀರಿಸಿ, ಉಂಡೆ ಮಾಡಿ, ಗುರಿ ತಪ್ಪದೆ ಅವನ ಅಂಗಿಯ ಜೇಬಿಗೆ ಉಗುಳಿತು.

ಮರುದಿನ ಕೆಮ್ಮು ಜೋರಾಯಿತು. ಮೇಡಂ ನೀರಿಗೂ ಮೂತಿ ಇಡಲಿಲ್ಲ. ಇಟ್ಟಿಗೆಯವನು ಕತ್ತೆಯನ್ನು, ಔಷಧವನ್ನು, ವೈದ್ಯರನ್ನು ಸರದಿಯಂತೆ ಬೈದು ಮುಗಿಸಿ, ಕೊನೆಗೆ ಗೋಡೆಗೆ ಮುಖ ಮಾಡಿ ನಿಂತ.

"ನಾನೊಂದ್ಸಲ ನೋಡ್ಲಾ, ಅಳಿಯಂದಿರೇ?" ಅತ್ತೆ ಕೇಳಿದರು.

"ನೋಡಿ. ನಿಮ್ಮ ಕೈಲಿ ಅದು ಕುಡಿದ್ರೆ ನಾನು ಒಂದು ತಿಂಗಳು ಯಾರ ಮೇಲೂ ಬಾಯಿ ಮಾಡಲ್ಲ."

"ಅಮ್ಮ, ನಾನೇ ಸಾಕ್ಷಿ," ಎಂದಳು ಒಲೆಯ ಬಳಿಯಿಂದ ಹೆಂಡತಿ.

ಅತ್ತೆ ಎದುರಿಗೆ ಹೋಗಲಿಲ್ಲ. ಪಕ್ಕದಿಂದ ಬಂದು ಭುಜ ಸವರಿದರು. ದವಡೆ ಖಾಲಿಯಿದೆಯೇ ಎಂದು ನೋಡಿಕೊಂಡರು. ತುಟಿಯ ಮೂಲೆಯಲ್ಲಿ, ಹಲ್ಲಿಲ್ಲದ ಸಂದಿನಲ್ಲಿ ಸಿರಿಂಜು ತೂರಿಸಿ ಮೊದಲು ಜೇನುನೀರು ಬಿಟ್ಟರು. ಮೇಡಂ ಚಪ್ಪರಿಸಿತು. ಹಿಂದೆಯೇ ಔಷಧ, ನಿಧಾನವಾಗಿ, ಗುಟುಕು ಗುಟುಕಾಗಿ. ಮತ್ತೆ ಜೇನುನೀರು. ಉದ್ದನೆಯ ಕತ್ತಿನೊಳಗೆ ಒಂದೊಂದು ಗುಟುಕೂ ಇಳಿದು ಹೋದದ್ದು ಹೊರಗಿನಿಂದಲೇ ಕಂಡಿತು.

ಇಟ್ಟಿಗೆಯವನು ಹಗ್ಗ ಹಾಕಿ ಎಳೆದರೂ ಬಿಡದಿದ್ದ ಆ ಬಾಯಿ ಮುದುಕಿಯ ಎರಡು ಬೆರಳಿಗೆ ಬೀಗ ಕಳಚಿದಂತೆ ಬಿಟ್ಟುಕೊಂಡಿತ್ತು. ಬೆಟ್ಟದ ಬುಡದಲ್ಲಿ ನಿಂತವನ ಹಾಗೆ ಅವನು ಅತ್ತೆಯನ್ನೇ ನೋಡಿದ. ಅತ್ತೆ ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ.

"ಎಲ್ಲಿ ಕಲಿತ್ರಿ ಅತ್ತೆ, ಇದನ್ನ?" ಆ ಮೆತ್ತನೆಯ ದನಿ ತನ್ನದೆಂದು ಅವನಿಗೇ ಗುರುತು ಸಿಗಲಿಲ್ಲ.

ಅತ್ತೆ ಸಿರಿಂಜು ತೊಳೆಯತೊಡಗಿದರು. ಹೆಂಡತಿಯೇ ಹೇಳಿದಳು: "ರೀ, ಬೆಳಿಗ್ಗೆ ಅಮ್ಮ ಪಕ್ಕದಲ್ಲಿ ಬಂದು, ಹೆಗಲು ಸವರಿ, ನಿಮಗೆ ಜೇನು ಕೊಡ್ತಾರಲ್ಲ?"

"ಹೂಂ. ಮೂರು ಚಮಚ."

"ನಡುವಿನ ಚಮಚ ಯಾಕೆ ಕಹಿ ಅಂತ ಮೂರು ವರ್ಷದಲ್ಲಿ ಒಂದಿನಾನಾದ್ರೂ ಕೇಳಿದ್ದೀರಾ? ನೀವು ಬಚ್ಚಲಿಗೆ ಎಸೀತಿದ್ರಲ್ಲ, ಡಾಕ್ಟರ್ ಕೊಟ್ಟ ಬಿ.ಪಿ. ಮಾತ್ರೆ, ಅದೇ."

ಇಟ್ಟಿಗೆಯವನು ಗರ್ಜಿಸಲು ಬಾಯಿ ತೆರೆದ. ಮೇಡಂ ತುಟಿ ನೆಕ್ಕುತ್ತ, ಸಹೋದ್ಯೋಗಿಯನ್ನು ನೋಡುವಂತೆ ಅವನನ್ನೇ ನೋಡುತ್ತಿತ್ತು. ಅವನು ಬಾಯಿ ಮುಚ್ಚಿದ.

ಐದು ದಿನ ಕಳೆಯುವುದರೊಳಗೆ ಮೇಡಂ ಹುಲ್ಲಿಗೆ ಬಾಯಿ ಹಾಕಿತು. ತಿಂಗಳಿಗೆ ಮತ್ತೆ ಇಟ್ಟಿಗೆ ಹೊತ್ತಿತು. ಆದರೆ ಒಂದು ತಿಂಗಳ ಮೌನದ ಬಾಕಿಯಲ್ಲಿ ಇಟ್ಟಿಗೆಯವನು ಇಂದಿನವರೆಗೆ ತೀರಿಸಿರುವುದು ಅಂದಿನ ಆ ಒಂದು ಗಳಿಗೆ ಮಾತ್ರ. ಉಳಿದದ್ದನ್ನು ಅತ್ತೆ ಕೇಳಿಲ್ಲ. ಬೆಳಿಗ್ಗೆ ಎಂದಿನಂತೆ ಪಕ್ಕದಿಂದ ಬಂದು ಹೆಗಲು ಸವರುತ್ತಾರೆ. ಅವನು ಬೈಯುತ್ತಲೇ ಬಾಯಿ ತೆರೆಯುತ್ತಾನೆ.